ಮಿದುಳಿನ ಚಿತ್ರಕಾರ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್

ಮಾನವಶರೀರದ ಅಂಗಾಂಗಗಳಲ್ಲಿ ಗಾತ್ರದಿಂದ ಕಿರಿದಾಗಿದ್ದು ಕಾರ್ಯದಿಂದ ಹಿರಿದೆನಿಸಿದುದು ಮಿದುಳು. ಬೆಳೆದ ಮನುಷ್ಯನ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಇಡೀ ದೇಹದ ತೂಕದಲ್ಲಿ ಅದು ಐವತ್ತರಲ್ಲೊಂದು ಪಾಲು ಮಾತ್ರ. ಆದರೆ ದೇಹವು ವಿಶ್ರಾಂತಿಯಲ್ಲಿರುವಾಗ ಬಳಸುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲನ್ನು ಈ ಒಂದೇ ಅಂಗ ಬೇಡುತ್ತದೆ. ಹಣೆಯಿಂದ ಹಿಂದಲೆಯವರೆಗೆ ಮಡಿಕೆ ಮಡಿಕೆಯಾಗಿ ಹಬ್ಬಿರುವ ಮಹಾಮಸ್ತಿಷ್ಕವು ನೋಟ, ಶ್ರವಣ, ಮಾತು, ನೆನಪು, ವಿಚಾರಗಳಿಗೆ ನೆಲೆಯಾಗಿದೆ. ಅದರ ಹಿಂಬದಿಯಲ್ಲಿ ಕೆಳಗಿರುವ ಅನುಮಸ್ತಿಷ್ಕವು ನಡಿಗೆ, ಓಟ, ಬರವಣಿಗೆ ಮೊದಲಾದ ಚಲನೆಗಳನ್ನು ಹದಗೊಳಿಸಿ ದೇಹದ ಸಮತೋಲವನ್ನು ಕಾಯುತ್ತದೆ. ಇವುಗಳ ಬುಡದಲ್ಲಿರುವ ಮಿದುಳಿನ ಕಾಂಡವು ನಾವು ಗಾಢನಿದ್ರೆಯಲ್ಲಿರುವಾಗಲೂ ಉಸಿರಾಟವನ್ನು ನಡೆಸಿ ಹೃದಯದ ಗತಿಯನ್ನು ನಿಯಂತ್ರಿಸುತ್ತದೆ. ಅಲ್ಲಿಂದ ಬೆನ್ನೆಲುಬಿನೊಳಗೆ ಇಳಿದುಬರುವ ಮಿದುಳುಬಳ್ಳಿಯು ದೇಹದ ಮೂಲೆಮೂಲೆಗೂ ನರಗಳನ್ನು ಕಳುಹಿಸುತ್ತದೆ.

ಬರಿಗಣ್ಣಿಗೆ ಕಾಣುವ ಈ ಭಾಗಗಳನ್ನು ಅಂಗರಚನಾಶಾಸ್ತ್ರಜ್ಞರು ಬಹುಕಾಲದಿಂದ ಬಲ್ಲವರಾಗಿದ್ದರು. ಆದರೆ ಈ ಭಾಗಗಳು ಯಾವ ಎಳೆಗಳಿಂದ ನೆಯ್ದವು? ಕಣ್ಣು ಕಂಡುದನ್ನು ಕೈಗೆ ತಿಳಿಸುವ ದಾರಿ ಯಾವುದು? ನಿನ್ನೆ ಕಲಿತ ಪಾಠ ಇಂದು ನೆನಪಿನಲ್ಲಿ ನಿಲ್ಲುವುದು ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ಈ ಪ್ರಶ್ನೆಗಳಿಗೆ ತಕ್ಕ ಉತ್ತರವಿರಲಿಲ್ಲ. ಉತ್ತರದ ಬಾಗಿಲನ್ನು ತೆರೆದ ಕೀರ್ತಿ, ವಿಜ್ಞಾನದಲ್ಲಿ ಹಿಂದುಳಿದಿತ್ತೆಂದು ಅಂದಿನ ಯೂರೋಪು ಬಗೆದಿದ್ದ ಸ್ಪೇನ್ ದೇಶದ ಒಬ್ಬ ಅಧ್ಯಾಪಕರಿಗೆ ಸಲ್ಲುತ್ತದೆ. ಅವರೇ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್.

ಜನನ ಮತ್ತು ಬಾಲ್ಯ

ಕಹಾಲ್ ಜನಿಸಿದ್ದು 1852ನೆಯ ಇಸವಿ ಮೇ 1ರಂದು, ಉತ್ತರ ಸ್ಪೇನಿನ ಪೆಟಿಲ್ಯಾ ದೆ ಅರಗೋನ್ ಎಂಬ ಬೆಟ್ಟದ ಮೇಲಣ ಹಳ್ಳಿಯಲ್ಲಿ. ತಂದೆ ಹುಸ್ಟೊ ರಾಮೋನ್, ತಾಯಿ ಆಂಟೋನಿಯಾ ಕಹಾಲ್. ತಂದೆಯ ಮನೆತನದ ಹೆಸರಿನ ಜೊತೆಗೆ ತಾಯಿಯ ಮನೆತನದ ಹೆಸರನ್ನೂ ಇರಿಸಿಕೊಳ್ಳುವುದು ಸ್ಪೇನಿನ ಪದ್ಧತಿ. ಅದರಂತೆ ಮಗನ ಹೆಸರಿನಲ್ಲಿ ಎರಡೂ ಸೇರಿದವು. ಮುಂದೆ ಲೋಕವು ಅವರನ್ನು ತಾಯಿಯ ಮನೆತನದ ಹೆಸರಿನಿಂದಲೇ ಹೆಚ್ಚಾಗಿ ಗುರುತಿಸಿತು. ಹುಸ್ಟೊ ರಾಮೋನ್ ಬಡತನದಲ್ಲಿ ಬೆಳೆದು, ಕ್ಷೌರಿಕ ವೈದ್ಯನೊಬ್ಬನ ಬಳಿ ಸೇವಕನಾಗಿದ್ದು, ಸ್ವಪ್ರಯತ್ನದಿಂದ ಓದಿ ಶಸ್ತ್ರವೈದ್ಯನಾದವನು. ಹಳ್ಳಿಯಿಂದ ಹಳ್ಳಿಗೆ ಹೋಗಿ ಚಿಕಿತ್ಸೆ ಮಾಡುತ್ತಿದ್ದ ಆತನಿಗೆ ವಿದ್ಯೆಯಲ್ಲಿ ಅಪಾರ ಶ್ರದ್ಧೆ. ವಿದ್ಯೆಯೆಂದರೆ ಜೀವನೋಪಾಯಕ್ಕೆ ಒದಗುವ ವಿದ್ಯೆ ಎಂಬುದು ಆತನ ದೃಢವಾದ ನಂಬಿಕೆ.

ಮಗನ ಒಲವು ಬೇರೆ ದಿಕ್ಕಿನಲ್ಲಿತ್ತು. ಬಾಲಕ ಸ್ಯಾಂಟಿಯಾಗೊನಿಗೆ ಚಿತ್ರ ಬರೆಯುವುದೆಂದರೆ ಪ್ರಾಣ. ಕಾಗದ ಸಿಕ್ಕರೆ ಕಾಗದದ ಮೇಲೆ, ಸಿಗದಿದ್ದರೆ ಊರವರ ಗೋಡೆಗಳ ಮೇಲೆ ಅವನು ಹಕ್ಕಿಗಳನ್ನೂ ಕುದುರೆಗಳನ್ನೂ ಸೈನಿಕರನ್ನೂ ಬರೆಯುತ್ತಿದ್ದನು. ಮಗನು ಕಾಲಹರಣ ಮಾಡುತ್ತಿರುವನೆಂದು ತಂದೆಗೆ ತೋರಿತು. ಅಯೆರ್ಬೆ ಎಂಬ ಊರಿನಲ್ಲಿದ್ದಾಗ, ಚರ್ಚಿನ ಗೋಡೆಗಳಿಗೆ ಬಣ್ಣ ಬಳಿಯಲು ಬಂದಿದ್ದ ಕೆಲಸಗಾರನೊಬ್ಬನಿಗೆ ತಂದೆ ಮಗನ ಚಿತ್ರವನ್ನು ತೋರಿಸಿ ಅಭಿಪ್ರಾಯ ಕೇಳಿದನು. ಹುಡುಗನಿಗೆ ಕಲೆಯ ಗಂಧವೇ ಇಲ್ಲವೆಂದು ಆ ಕೆಲಸಗಾರ ತೀರ್ಪಿತ್ತನು. ಅಂದಿನಿಂದ ಮನೆಯಲ್ಲಿ ಚಿತ್ರಕಲೆಗೆ ನಿಷೇಧ ಬಿದ್ದಿತು. ಬಾಲಕನು ಕುಂಚ ಬಣ್ಣಗಳನ್ನು ಬಚ್ಚಿಟ್ಟು, ಊರ ಹೊರಗೆ ಹೋಗಿ ಗುಟ್ಟಾಗಿ ಬರೆಯತೊಡಗಿದನು.

ಅವನು ತುಂಟತನದಲ್ಲಿಯೂ ಹಿಂದಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ತಾನೇ ತಯಾರಿಸಿದ ಫಿರಂಗಿಯಿಂದ ನೆರೆಯವರ ತೋಟದ ಬಾಗಿಲನ್ನು ಸಿಡಿಸಿ, ಕೆಲವು ದಿನ ಊರ ಸೆರೆಮನೆಯಲ್ಲಿ ಕೂಡಬೇಕಾಯಿತು. ಹಾಕಾ ಎಂಬ ಪಟ್ಟಣದ ಶಾಲೆಯಲ್ಲಿ ಗುರುಗಳು ಲ್ಯಾಟಿನ್ ಪಾಠವನ್ನು ಅಕ್ಷರ ತಪ್ಪದೆ ಒಪ್ಪಿಸಬೇಕೆಂದು ಬಯಸುತ್ತಿದ್ದರು. ತಪ್ಪಿದವರಿಗೆ ಬೆತ್ತದ ಏಟು, ಉಪವಾಸ. ಕಂಠಪಾಠದಲ್ಲಿ ಹಿಂದುಳಿದ ಈ ಹುಡುಗನಿಗೆ ಶಿಕ್ಷೆ ತಪ್ಪಿದ ದಿನಗಳು ಕಡಿಮೆ. ಬೇಸತ್ತ ತಂದೆ ಅವನನ್ನು ಮೊದಲು ಕ್ಷೌರಿಕನ ಅಂಗಡಿಯಲ್ಲಿ, ಬಳಿಕ ಪಾದರಕ್ಷೆ ಹೊಲಿಯುವವನ ಬಳಿಯಲ್ಲಿ ಕೆಲಸಕ್ಕೆ ಬಿಟ್ಟನು. ಅಲ್ಲಿ ಅವನ ಬೆರಳುಗಳು ಚೆನ್ನಾಗಿ ಪಳಗಿದವು.

ವೈದ್ಯವಿದ್ಯೆಯ ಕಡೆಗೆ

1868ರ ಬೇಸಿಗೆಯಲ್ಲಿ ತಂದೆ ಒಂದು ಹೊಸ ಉಪಾಯವನ್ನು ಹೂಡಿದನು. ಹಳೆಯ ಸ್ಮಶಾನಗಳಿಗೆ ಮಗನನ್ನು ಕರೆದೊಯ್ದು, ಅಲ್ಲಿ ಹೊರಬಿದ್ದಿದ್ದ ಎಲುಬುಗಳನ್ನು ಆಯ್ದುತಂದು, ಅವುಗಳ ಮೂಲಕ ಅಸ್ಥಿಶಾಸ್ತ್ರವನ್ನು ಬೋಧಿಸಿದನು. ಶಾಲೆಯ ಪುಸ್ತಕದಲ್ಲಿ ಶಬ್ದಗಳ ರಾಶಿಯಾಗಿ ಕಂಡಿದ್ದ ವಿದ್ಯೆ ಇಲ್ಲಿ ಕಣ್ಣಿಗೆ ಕಾಣುವ, ಕೈಗೆ ಸಿಗುವ, ಬರೆಯಲು ಒದಗುವ ವಸ್ತುವಾಯಿತು. ಎಲುಬಿನ ಪ್ರತಿಯೊಂದು ಏಣನ್ನೂ ಗುಣಿಯನ್ನೂ ಹುಡುಗನು ಉತ್ಸಾಹದಿಂದ ಚಿತ್ರಿಸಿದನು. ತಂದೆ ತಡೆದಿದ್ದ ಕಲೆಯೂ ತಂದೆ ಬಯಸಿದ್ದ ವಿದ್ಯೆಯೂ ಮೊದಲ ಬಾರಿಗೆ ಒಂದಾದವು. ಮುಂದೆ ಝರಗೋಝಾ ನಗರದಲ್ಲಿ ತಂದೆಯೇ ಅಂಗರಚನಾಶಾಸ್ತ್ರದ ಅಧ್ಯಾಪಕನಾದನು. ಅಲ್ಲಿಯೇ ಮಗನು ಅಭ್ಯಾಸ ನಡೆಸಿ 1873ರಲ್ಲಿ ವೈದ್ಯ ಪದವಿಯನ್ನು ಪಡೆದನು.

ಪದವೀಧರರಾದ ಕಹಾಲ್ ಅವರು ಸೈನ್ಯದ ವೈದ್ಯರಾಗಿ 1874ರಲ್ಲಿ ಕ್ಯೂಬಾ ದ್ವೀಪಕ್ಕೆ ಹೋದರು. ಸ್ಪೇನಿನ ಆಳ್ವಿಕೆಗೆ ಒಳಪಟ್ಟಿದ್ದ ಆ ದ್ವೀಪದಲ್ಲಿ ಆಗ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯುತ್ತಿತ್ತು. ಜೌಗುನೆಲದ ನಡುವಣ ಸೈನ್ಯದ ಆಸ್ಪತ್ರೆಯಲ್ಲಿ ಅವರು ಮಲೇರಿಯಾ ಪೀಡಿತರಿಗೆ ಚಿಕಿತ್ಸೆ ಮಾಡುತ್ತ, ತಾವೂ ಅದೇ ರೋಗಕ್ಕೆ ತುತ್ತಾಗಿ 1875ರಲ್ಲಿ ಸ್ವದೇಶಕ್ಕೆ ಮರಳಿದರು. ಮೂರು ವರ್ಷಗಳ ತರುವಾಯ ಕ್ಷಯರೋಗವೂ ತಗುಲಿತು. ಬೆಟ್ಟದ ಗಾಳಿಯಲ್ಲಿ ವಿಶ್ರಾಂತಿ ಪಡೆದು ಅವರು ಚೇತರಿಸಿಕೊಂಡರು. ಆ ದಿನಗಳಲ್ಲಿ ಅವರಿಗೆ ಒದಗಿದ ಸಂಗಾತಿ ಛಾಯಾಚಿತ್ರಣ. ಈ ಹವ್ಯಾಸವನ್ನು ಅವರು ಕಡೆಯವರೆಗೂ ಬಿಡಲಿಲ್ಲ. ಬಣ್ಣದ ಛಾಯಾಚಿತ್ರಣವನ್ನು ಕುರಿತ ಅವರ ಗ್ರಂಥ 1912ರಲ್ಲಿ ಪ್ರಕಟವಾಯಿತು.

1877ರಲ್ಲಿ ಡಾಕ್ಟರೇಟ್ ಪರೀಕ್ಷೆಗೆಂದು ಮ್ಯಾಡ್ರಿಡ್‌ಗೆ ಹೋಗಿದ್ದಾಗ, ಪ್ರಾಧ್ಯಾಪಕರೊಬ್ಬರು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಅಂಗಾಂಶಗಳ ಸೊಬಗು ಕಹಾಲರ ಮನಸ್ಸನ್ನು ಸೆರೆಹಿಡಿದಿತು. ಊರಿಗೆ ಮರಳಿದವರೇ ಸ್ವಂತ ಹಣದಿಂದ ಒಂದು ಸೂಕ್ಷ್ಮದರ್ಶಕವನ್ನು ಕೊಂಡು ಮನೆಯಲ್ಲಿಯೇ ಪುಟ್ಟ ಪ್ರಯೋಗಶಾಲೆಯನ್ನು ಹೂಡಿದರು. ಕಲಿಸುವ ಗುರು ಹತ್ತಿರದಲ್ಲಿರಲಿಲ್ಲ, ಪುಸ್ತಕಗಳೇ ಗುರುಗಳಾದವು. 1879ರಲ್ಲಿ ಸಿಲ್ವೇರಿಯಾ ಫನ್ಯಾನಾಸ್ ಎಂಬಾಕೆಯೊಡನೆ ಅವರ ವಿವಾಹವಾಯಿತು. ಅಲ್ಪ ಆದಾಯದಲ್ಲಿ ಏಳು ಮಕ್ಕಳ ಸಂಸಾರವನ್ನು ತೂಗಿಸುತ್ತ, ಪತಿಯ ಸಂಶೋಧನೆಗೂ ಹಣ ಉಳಿಸಿಕೊಟ್ಟ ಆ ಗೃಹಿಣಿಯ ಪಾಲು ಕಹಾಲರ ಸಾಧನೆಯಲ್ಲಿ ಸಣ್ಣದಲ್ಲ.

1884ರ ಆರಂಭದಲ್ಲಿ ಕಹಾಲ್ ಅವರು ವೆಲೆನ್ಸಿಯಾ ನಗರದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದರು. ಮರುವರ್ಷ ಆ ಪ್ರಾಂತದಲ್ಲಿ ಕಾಲರಾ ಪಿಡುಗು ಹಬ್ಬಿದಾಗ ಅವರು ರೋಗದ ಕಾರಣವನ್ನು ಕುರಿತು ಶ್ರಮವಹಿಸಿ ಪರಿಶೀಲನೆ ನಡೆಸಿದರು. ಅದಕ್ಕೆ ಕೃತಜ್ಞತೆಯಾಗಿ ಝರಗೋಝಾದ ಪ್ರಾಂತೀಯ ಆಡಳಿತವು ಅವರಿಗೆ ಜರ್ಮನಿಯ ಝೈಸ್ ಕಾರ್ಖಾನೆಯ ಉತ್ತಮ ಸೂಕ್ಷ್ಮದರ್ಶಕವೊಂದನ್ನು ಉಡುಗೊರೆಯಾಗಿ ಕೊಟ್ಟಿತು. ಯೂರೋಪಿನ ದೊಡ್ಡ ಪ್ರಯೋಗಶಾಲೆಗಳಲ್ಲಿದ್ದಂತಹ ಉಪಕರಣ ಈಗ ಅವರ ಮೇಜಿನ ಮೇಲೂ ಬಂದಿತು. ಇನ್ನು ಬೇಕಾಗಿದ್ದುದು ತಕ್ಕ ಸಮಸ್ಯೆ.

ಬಲೆಯೋ, ಬಿಡಿ ಕೋಶಗಳೋ?

ಸಸ್ಯಗಳೂ ಪ್ರಾಣಿಗಳೂ ಜೀವಕೋಶಗಳಿಂದಾದವು ಎಂಬ ತತ್ತ್ವವು 1830ರ ದಶಕದ ಕೊನೆಯಿಂದ ಬೇರೂರಿದ್ದಿತು. ಚರ್ಮ, ಸ್ನಾಯು, ಯಕೃತ್ತು ಎಲ್ಲವೂ ಈ ತತ್ತ್ವಕ್ಕೆ ಒಳಪಟ್ಟವು. ಆದರೆ ಮಿದುಳು ಮಾತ್ರ ಹೊರಗುಳಿದಿತ್ತು. ಮಿದುಳಿನ ತೆಳುಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುತ್ತಿದ್ದುದು ಲೆಕ್ಕವಿಲ್ಲದ ಎಳೆಗಳ ತೊಡಕು. ಒಂದು ಎಳೆ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುವುದೆಂದು ಹೇಳುವುದೇ ಕಷ್ಟ. ಆದ್ದರಿಂದ ಎಲ್ಲ ಎಳೆಗಳೂ ಒಂದರೊಳಗೊಂದು ಕೂಡಿಕೊಂಡು ಒಂದೇ ಅಖಂಡವಾದ ಬಲೆಯಾಗಿವೆ ಎಂದು ಅಂದಿನ ಹಿರಿಯ ವಿದ್ವಾಂಸರಲ್ಲಿ ಬಹುಮಂದಿ ನಂಬಿದ್ದರು.

ಇದು ಬರಿಯ ಪಂಡಿತರ ಚರ್ಚೆಯಾಗಿರಲಿಲ್ಲ. ಮಿದುಳು ಅಖಂಡವಾದ ಬಲೆಯಾಗಿದ್ದರೆ ಅದರ ಯಾವುದೇ ಎಳೆಗೆ ಬಿದ್ದ ಸುದ್ದಿ ಎಲ್ಲೆಡೆಗೂ ಹರಡಬೇಕು. ಹಾಗಾದರೆ ಬಿಸಿಪಾತ್ರೆಗೆ ಬೆರಳು ತಾಗಿದಾಗ ಆ ಕೈಯೊಂದೇ ಹಿಂದಕ್ಕೆ ಸರಿಯುವುದೇಕೆ? ಮಿದುಳಿನ ಒಂದು ಭಾಗಕ್ಕೆ ಪೆಟ್ಟು ಬಿದ್ದಾಗ ಮಾತು ಮಾತ್ರ ನಿಂತು ಉಳಿದ ಶಕ್ತಿಗಳು ಉಳಿಯುವುದೇಕೆ? ಕಲಿಕೆಯಿಂದ ಮಿದುಳಿನಲ್ಲಿ ಆಗುವ ಮಾರ್ಪಾಡು ಯಾವ ಜಾಗದಲ್ಲಿ ಆಗುತ್ತದೆ? ಬಲೆಯ ಕಲ್ಪನೆಯಿಂದ ಈ ಪ್ರಶ್ನೆಗಳನ್ನು ಬಿಡಿಸುವುದು ಕಷ್ಟವಾಗಿತ್ತು. ಆದರೆ ಅದನ್ನು ಅಲ್ಲಗಳೆಯಲು ಬೇಕಾದ ಪ್ರತ್ಯಕ್ಷ ಪ್ರಮಾಣ ಯಾರ ಬಳಿಯೂ ಇರಲಿಲ್ಲ.

ಪ್ರಮಾಣವನ್ನು ಕೊಡಬಲ್ಲ ಸಾಧನವನ್ನು ಇಟಲಿಯ ಕ್ಯಾಮಿಲೊ ಗಾಲ್ಜಿ ಎಂಬ ವೈದ್ಯರು 1873ರಲ್ಲಿಯೇ ಕಂಡುಹಿಡಿದಿದ್ದರು. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ನೆನೆಸಿ, ಬಳಿಕ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಇಟ್ಟರೆ ಕೆಲವೇ ಕೆಲವು ನರಕೋಶಗಳು ಬುಡದಿಂದ ತುದಿಯವರೆಗೆ ಕಪ್ಪಾಗುತ್ತವೆ. ಸುತ್ತಲಿನ ಉಳಿದ ಕೋಶಗಳು ಬಣ್ಣವಿಲ್ಲದೆ ಪಾರದರ್ಶಕವಾಗಿ ಉಳಿಯುತ್ತವೆ. ದಟ್ಟವಾದ ಕಾಡಿನಲ್ಲಿ ಒಂದೆರಡು ಮರಗಳನ್ನು ಮಾತ್ರ ಬಿಟ್ಟು ಉಳಿದವನ್ನು ಮರೆಮಾಡಿದಂತೆ ಆಗುತ್ತದೆ. ಆದರೆ ಈ ವಿಧಾನವು ಒಮ್ಮೆ ಫಲಿಸಿ ಹಲವು ಸಲ ಕೆಡುತ್ತಿದ್ದುದರಿಂದ ಹೆಚ್ಚಿನ ವಿದ್ವಾಂಸರು ಇದರತ್ತ ನೋಡಲಿಲ್ಲ. ಇದನ್ನು ಕಂಡುಹಿಡಿದ ಗಾಲ್ಜಿಯವರೇ ತಮ್ಮ ಚಿತ್ರಗಳಲ್ಲಿ ಬಲೆಯನ್ನು ಕಂಡರಲ್ಲದೆ ಬಿಡಿ ಕೋಶಗಳನ್ನು ಕಾಣಲಿಲ್ಲ.

1887ರಲ್ಲಿ ಮ್ಯಾಡ್ರಿಡ್‌ನ ವೈದ್ಯ ಲೂಯಿಸ್ ಸಿಮಾರೊ ಅವರ ಮನೆಯಲ್ಲಿ ಕಹಾಲ್ ಅವರು ಈ ವಿಧಾನದ ಒಂದು ನಮೂನೆಯನ್ನು ನೋಡಿದರು. ಹಳದಿ ಹಿನ್ನೆಲೆಯ ಮೇಲೆ ಮಸಿಯಿಂದ ಬರೆದಂತೆ ನಿಂತಿದ್ದ ಕಪ್ಪು ಕೋಶಗಳನ್ನು ಕಂಡಾಗ, ತಾವು ಮಾಡಬೇಕಾದ ಕೆಲಸ ಇದೇ ಎಂದು ಅವರಿಗೆ ಮನವರಿಕೆಯಾಯಿತು.

1888ರ ವರ್ಷ

ಅದೇ ವರ್ಷ ಬಾರ್ಸಿಲೋನಾ ನಗರಕ್ಕೆ ಅಂಗಾಂಶಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಕಹಾಲ್ ಅವರು ಹಗಲಿರುಳೆನ್ನದೆ ದುಡಿದರು. ಅವರು ಮಾಡಿದ ಸುಧಾರಣೆಗಳು ಮುಖ್ಯವಾಗಿ ಎರಡು. ಬೆಳ್ಳಿಯ ಲೇಪ ನಿಲ್ಲುವಂತೆ ತುಣುಕುಗಳನ್ನು ಎರಡೆರಡು ಬಾರಿ ದ್ರಾವಣಗಳಲ್ಲಿ ನೆನೆಸಿದುದು ಒಂದು. ಬೆಳೆದ ಪ್ರಾಣಿಗಳ ಬದಲು ಮೊಟ್ಟೆಯೊಳಗಣ ಹಕ್ಕಿಮರಿ, ಆಗತಾನೆ ಹುಟ್ಟಿದ ಸಸ್ತನಿ ಇವುಗಳ ಮಿದುಳನ್ನು ಆರಿಸಿಕೊಂಡುದು ಇನ್ನೊಂದು. ಬೆಳೆದ ಮಿದುಳಿನಲ್ಲಿ ಅನೇಕ ಎಳೆಗಳಿಗೆ ಕೊಬ್ಬಿನಂಶದ ಹೊದಿಕೆ ಕವಿದಿರುತ್ತದೆ. ಆ ಹೊದಿಕೆಯೊಳಕ್ಕೆ ಬೆಳ್ಳಿ ಇಳಿಯುವುದಿಲ್ಲ. ಎಳೆಯ ಮಿದುಳಿನಲ್ಲಿ ಹೊದಿಕೆ ಇನ್ನೂ ಮೂಡಿರುವುದಿಲ್ಲ, ಕೋಶಗಳ ಕೊಂಬೆಗಳೂ ಗಿಡ್ಡವಾಗಿ ಬಿಡಿಬಿಡಿಯಾಗಿ ಇರುತ್ತವೆ. ಬೆಳೆದ ಕಾಡಿನ ಮರಗಳನ್ನು ಬಿಡಿಸಿ ನೋಡುವುದಕ್ಕಿಂತ ಸಸಿಗಳ ಮಡಿಯನ್ನು ನೋಡುವುದು ಸುಲಭ ಎಂಬ ಸರಳ ವಿವೇಕವೇ ಇಲ್ಲಿ ಕೆಲಸ ಮಾಡಿತು.

ಹಕ್ಕಿಯ ಅನುಮಸ್ತಿಷ್ಕದಲ್ಲಿ ಅವರ ಕಣ್ಣಿಗೆ ಮೊದಲ ಪ್ರಮಾಣ ಬಿದ್ದಿತು. ಅಲ್ಲಿ ಪುರ್ಕಿಂಜೆ ಕೋಶಗಳೆಂಬ ದೊಡ್ಡ ಕೋಶಗಳಿವೆ. ಬೇರೆ ಕೋಶಗಳಿಂದ ಬಂದ ಎಳೆಗಳ ತುದಿಗಳು ಈ ಕೋಶಗಳ ಒಡಲನ್ನು ಬುಟ್ಟಿಯಂತೆ ಸುತ್ತುವರಿದಿದ್ದವು. ಆದರೆ ಎಲ್ಲಿಯೂ ಅದರೊಳಗೆ ಬೆರೆತಿರಲಿಲ್ಲ. ಎಳೆ ಹತ್ತಿರ ಬರುತ್ತದೆ, ತಾಗುವಂತೆ ನಿಲ್ಲುತ್ತದೆ, ಅಲ್ಲಿಗೆ ಮುಗಿಯುತ್ತದೆ. ಅಕ್ಷಿಪಟಲದಲ್ಲಿ, ಮಿದುಳುಬಳ್ಳಿಯಲ್ಲಿ, ಎಲ್ಲಿ ನೋಡಿದರೂ ಇದೇ ನಿಯಮ ಕಂಡಿತು. ಮಿದುಳು ಬಲೆಯಲ್ಲ, ಕೊಂಬೆಗೆ ಕೊಂಬೆ ಸೋಕಿದರೂ ಬೇರೆ ಬೇರೆ ಬುಡಗಳಲ್ಲಿ ನಿಂತಿರುವ ಮರಗಳ ತೋಪು.

ಇದನ್ನು ಲೋಕಕ್ಕೆ ತಿಳಿಸುವ ಬಗೆ ಹೇಗೆ? ಸ್ಪೇನಿನ ಅಧ್ಯಾಪಕನ ಲೇಖನಕ್ಕಾಗಿ ಯೂರೋಪಿನ ವಿದ್ವಾಂಸರು ಕಾದು ಕುಳಿತಿರಲಿಲ್ಲ. ಕಹಾಲ್ ಅವರು 1888ರ ಮೇ ತಿಂಗಳಲ್ಲಿ ತಮ್ಮದೇ ಒಂದು ತ್ರೈಮಾಸಿಕವನ್ನು ಹೊರಡಿಸಿದರು. ಅಚ್ಚು ಹಾಕಿಸಿದ್ದು 60 ಪ್ರತಿಗಳು ಮಾತ್ರ. ಹೆಚ್ಚಿನವನ್ನು ಹೊರದೇಶದ ವಿದ್ವಾಂಸರಿಗೆ ಅಂಚೆಯ ಮೂಲಕ ಕಳುಹಿಸಿದರು. ಲೇಖನಗಳೂ ಚಿತ್ರಗಳೂ ಅವರವೇ, ವೆಚ್ಚವೂ ಅವರದೇ. ಆದರೂ ಸ್ಪ್ಯಾನಿಷ್ ಭಾಷೆಯಲ್ಲಿದ್ದ ಆ ಪತ್ರಿಕೆಯನ್ನು ಓದಿದವರು ವಿರಳ.

ಬರ್ಲಿನ್ನಿನ ಸಭೆ

1889ರ ಅಕ್ಟೋಬರಿನಲ್ಲಿ ಜರ್ಮನಿಯ ಅಂಗರಚನಾಶಾಸ್ತ್ರಜ್ಞರ ಸಂಘದ ಸಮ್ಮೇಳನ ಬರ್ಲಿನ್ ನಗರದಲ್ಲಿ ನೆರೆಯಿತು. ಕಹಾಲ್ ಅವರು ತಮ್ಮ ಉಳಿತಾಯದ ಹಣವನ್ನೆಲ್ಲ ಪ್ರಯಾಣಕ್ಕೆ ಹಾಕಿ, ತಮ್ಮ ಸೂಕ್ಷ್ಮದರ್ಶಕವನ್ನೂ ನಮೂನೆಗಳ ಪೆಟ್ಟಿಗೆಯನ್ನೂ ಹೊತ್ತು ಅಲ್ಲಿಗೆ ಹೋದರು. ಅವರಿಗೆ ಜರ್ಮನ್ ಮಾತು ಬಾರದು. ಫ್ರೆಂಚ್ ಭಾಷೆಯೂ ತಡವರಿಸುತ್ತಿತ್ತು. ಸಭಿಕರಲ್ಲಿ ಹಲವರು ಅವರನ್ನು ಅನುಮಾನದಿಂದಲೇ ನೋಡಿದರು. ಆದರೆ ಸೂಕ್ಷ್ಮದರ್ಶಕಕ್ಕೆ ಭಾಷೆಯ ತೊಡಕಿಲ್ಲ. ಕಣ್ಣಿಟ್ಟು ನೋಡಿದವರ ಮುಖಭಾವ ಬದಲಾಯಿತು. ಆ ಕಾಲದ ಅಂಗಾಂಶಶಾಸ್ತ್ರಜ್ಞರಲ್ಲಿ ಹಿರಿಯರೆನಿಸಿದ ರುಡಾಲ್ಫ್ ಆಲ್ಬರ್ಟ್ ಕೋಲಿಕರ್ ಅವರನ್ನು ಕಹಾಲ್ ಅವರು ತಾವಾಗಿಯೇ ಕರೆದುಕೊಂಡು ಬಂದು ನಮೂನೆಗಳನ್ನು ತೋರಿಸಿದರು. ಅದುವರೆಗೆ ಬಲೆಯ ವಾದದ ಕಡೆಗಿದ್ದ ಕೋಲಿಕರ್, ಎಪ್ಪತ್ತು ದಾಟಿದ್ದರೂ, ಕಂಡ ಸತ್ಯವನ್ನು ಒಪ್ಪಿಕೊಂಡು ಕಹಾಲರ ಪಕ್ಷವಹಿಸಿದರು. ಜೀವಮಾನದ ಅಭಿಪ್ರಾಯವನ್ನು ಪ್ರಮಾಣದ ಮುಂದೆ ಬಿಟ್ಟುಕೊಟ್ಟ ಆ ವೃದ್ಧರ ದೊಡ್ಡತನವನ್ನು ಕಹಾಲ್ ಅವರು ಎಂದೂ ಮರೆಯಲಿಲ್ಲ.

1891ರಲ್ಲಿ ಜರ್ಮನಿಯ ವಾಲ್ಡೆಯರ್ ಅವರು ಕಹಾಲ್ ಮತ್ತು ಇತರರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದು, ನರಕೋಶಕ್ಕೆ ನ್ಯೂರಾನ್ ಎಂಬ ಹೆಸರನ್ನಿಟ್ಟರು. ನರಮಂಡಲವು ಬಿಡಿ ನರಕೋಶಗಳಿಂದ ಆದುದೆಂಬ ಸಿದ್ಧಾಂತ ಅಲ್ಲಿಂದ ಲೋಕಪ್ರಸಿದ್ಧವಾಯಿತು.

ಸುದ್ದಿಯ ದಾರಿ

ರಚನೆಯನ್ನು ತಿಳಿದೊಡನೆ ಕಹಾಲ್ ಅವರು ಕಾರ್ಯದ ಕಡೆಗೆ ತಿರುಗಿದರು. ನರಕೋಶಕ್ಕೆ ಒಂದು ಒಡಲು, ಕೊಂಬೆಗಳಂತೆ ಕವಲೊಡೆದ ಡೆಂಡ್ರೈಟುಗಳು, ಒಂದು ನೀಳವಾದ ಆಕ್ಸಾನ್ ಇವೆ. ಸುದ್ದಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ? ಇದನ್ನು ಅಳೆಯುವ ಯಂತ್ರ ಅವರಲ್ಲಿರಲಿಲ್ಲ. ಅವರು ಕೋಶಗಳ ನಿಲುವನ್ನು ನೋಡಿ ತರ್ಕಿಸಿದರು. ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳ ಕಡೆಗೆ ನಡುವಣ ಕೋಶಗಳ ಡೆಂಡ್ರೈಟುಗಳು ಮುಖಮಾಡಿವೆ. ಆ ಕೋಶಗಳ ಆಕ್ಸಾನುಗಳು ಮುಂದಿನ ಕೋಶಗಳ ಡೆಂಡ್ರೈಟುಗಳನ್ನು ಮುಟ್ಟುತ್ತವೆ. ಕಡೆಯ ಕೋಶಗಳ ಆಕ್ಸಾನುಗಳು ಮಿದುಳಿನತ್ತ ಸಾಗುತ್ತವೆ. ಬೆಳಕಿನ ಸುದ್ದಿ ಕಣ್ಣಿನಿಂದ ಮಿದುಳಿಗೆ ಹೋಗುವುದು ನಿಶ್ಚಯವಾದ್ದರಿಂದ, ಡೆಂಡ್ರೈಟುಗಳು ಸುದ್ದಿಯನ್ನು ಸ್ವೀಕರಿಸುತ್ತವೆ, ಆಕ್ಸಾನು ಅದನ್ನು ಮುಂದಕ್ಕೆ ಸಾಗಿಸುತ್ತದೆ ಎಂಬ ನಿಯಮವನ್ನು ಅವರು 1891ರಲ್ಲಿ ಮಂಡಿಸಿದರು. ಅವರ ರೇಖಾಚಿತ್ರಗಳಲ್ಲಿ ಕಾಣುವ ಪುಟ್ಟ ಬಾಣದ ಗುರುತುಗಳು ಈ ದಾರಿಯನ್ನೇ ತೋರಿಸುತ್ತವೆ. ಮಿದುಳಿನ ಚಿತ್ರವು ಹೀಗೆ ದಿಕ್ಕುಳ್ಳ ದಾರಿಗಳ ನಕ್ಷೆಯಾಯಿತು.

ಬೆಳೆಯುತ್ತಿರುವ ಆಕ್ಸಾನಿನ ತುದಿಯಲ್ಲಿ ದಾರಿ ಅರಸುತ್ತ ಸಾಗುವ ಒಂದು ಉಬ್ಬನ್ನು ಅವರು 1890ರಲ್ಲಿ ವರ್ಣಿಸಿದರು. ಸತ್ತ ಅಂಗಾಂಶದ ತುಣುಕಿನಲ್ಲಿ ನಿಂತ ಆ ಆಕೃತಿಯನ್ನು ನೋಡಿ, ಅದು ಬದುಕಿದ್ದಾಗ ಚಲಿಸುತ್ತಿದ್ದಿರಬೇಕೆಂದು ಊಹಿಸಿದ್ದು ಅವರ ಕಲ್ಪನಾಶಕ್ತಿಗೆ ಸಾಕ್ಷಿ. ಡೆಂಡ್ರೈಟುಗಳ ಮೈಮೇಲೆ ಮುಳ್ಳಿನಂತಹ ಸಣ್ಣ ಚಾಚುಗಳಿರುವುದನ್ನೂ ಅವರು 1888ರಲ್ಲಿಯೇ ಗುರುತಿಸಿದ್ದರು. ಅವು ಬೆಳ್ಳಿಯ ಕಲೆಗಳೆಂದು ಇತರರು ತಳ್ಳಿಹಾಕಿದಾಗ, ಬೇರೆ ಬಣ್ಣದ ವಿಧಾನದಿಂದಲೂ ಅವನ್ನು ತೋರಿಸಿ ತಮ್ಮ ಮಾತನ್ನು ಸ್ಥಾಪಿಸಿದರು. ನರಕೋಶಗಳ ನಡುವಣ ಸಂಪರ್ಕಗಳಲ್ಲಿ ಬಹುಪಾಲು ಆ ಮುಳ್ಳುಗಳಲ್ಲಿಯೇ ನಡೆಯುವುದೆಂದು ಮುಂದಿನ ತಲೆಮಾರುಗಳು ತಿಳಿದವು.

1892ರಲ್ಲಿ ಮ್ಯಾಡ್ರಿಡ್ ವಿಶ್ವವಿದ್ಯಾಲಯದ ಪೀಠ ಅವರಿಗೆ ದೊರೆಯಿತು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಕ್ರೂನಿಯನ್ ಉಪನ್ಯಾಸಕ್ಕೆ ಆಹ್ವಾನಿಸಿತು. ಅಲ್ಲಿ ಅವರು ಒಂದು ದೂರದರ್ಶಿ ವಿಚಾರವನ್ನು ಮುಂದಿಟ್ಟರು. ನರಕೋಶಗಳ ಸಂಖ್ಯೆ ಅಭ್ಯಾಸದಿಂದ ಹೆಚ್ಚದಿದ್ದರೂ, ಅವುಗಳ ಕವಲುಗಳೂ ಪರಸ್ಪರ ಸಂಪರ್ಕಗಳೂ ಮಾನಸಿಕ ವ್ಯಾಯಾಮದಿಂದ ಹೆಚ್ಚಾಗಿ ಬೆಳೆಯಬಹುದೆಂಬುದೇ ಆ ವಿಚಾರ. ಲಂಡನ್ನಿನಲ್ಲಿ ಅವರಿಗೆ ಆತಿಥ್ಯ ನೀಡಿದ ಚಾರ್ಲ್ಸ್ ಶೆರಿಂಗ್ಟನ್ ಅವರು ನರಕೋಶಗಳು ಸಂಧಿಸುವ ಆ ಎಡೆಗೆ 1897ರಲ್ಲಿ ಸಿನಾಪ್ಸ್ ಎಂಬ ಹೆಸರನ್ನು ಕೊಟ್ಟರು.

ಮಹಾಗ್ರಂಥ ಮತ್ತು ನೊಬೆಲ್ ಪಾರಿತೋಷಕ

1898ರಲ್ಲಿ ಸ್ಪೇನ್ ದೇಶವು ಅಮೆರಿಕದೊಡನೆ ನಡೆದ ಯುದ್ಧದಲ್ಲಿ ಸೋತು ಕ್ಯೂಬಾ ಮೊದಲಾದ ದ್ವೀಪಗಳನ್ನು ಕಳೆದುಕೊಂಡಿತು. ದೇಶವೆಲ್ಲ ಹತಾಶೆಯಲ್ಲಿ ಮುಳುಗಿತು. ದೇಶದ ದೌರ್ಬಲ್ಯಕ್ಕೆ ವಿದ್ಯೆಯ ಕೊರತೆಯೇ ಮೂಲವೆಂದು ಬಗೆದ ಕಹಾಲ್ ಅವರು ತಮ್ಮ ಕೆಲಸವನ್ನೇ ದೇಶಸೇವೆಯೆಂದು ತಿಳಿದರು. ಮನುಷ್ಯನ ಮತ್ತು ಕಶೇರುಕ ಪ್ರಾಣಿಗಳ ನರಮಂಡಲದ ರಚನೆಯನ್ನು ಕುರಿತ ಅವರ ಮಹಾಗ್ರಂಥವು 1899ರಿಂದ 1904ರವರೆಗೆ ಹೊರಬಂದಿತು. ನರಮಂಡಲದ ಭಾಗಗಳನ್ನು ಒಂದೊಂದಾಗಿ ವಿವರಿಸುವ ಆ ಗ್ರಂಥದ ಚಿತ್ರಗಳನ್ನು ಅವರ ಕೈಯೇ ಬರೆಯಿತು.

1900ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವೈದ್ಯ ಸಮ್ಮೇಳನವು ಅವರಿಗೆ ಮಾಸ್ಕೋ ಪಾರಿತೋಷಕವನ್ನು ಕೊಟ್ಟಿತು. ಅದರ ತರುವಾಯ ಸ್ಪೇನ್ ಸರ್ಕಾರವು ಅವರಿಗಾಗಿ ಮ್ಯಾಡ್ರಿಡ್‌ನಲ್ಲಿ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿತು. ತಮಗೆ ಗೊತ್ತುಮಾಡಿದ ಸಂಬಳ ಹೆಚ್ಚಾಯಿತೆಂದು ಹೇಳಿ ಅವರೇ ಅದನ್ನು ಕಡಿಮೆ ಮಾಡಿಸಿಕೊಂಡರು. ಸಚಿವ ಪದವಿ ಬಳಿಗೆ ಬಂದಾಗಲೂ ಅದನ್ನು ಸ್ವೀಕರಿಸದೆ ಸೂಕ್ಷ್ಮದರ್ಶಕದ ಬಳಿಯಲ್ಲಿಯೇ ಉಳಿದರು.

1906ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಜೊತೆಯಾಗಿ ದೊರೆಯಿತು. ವಿಧಾನವನ್ನು ಕೊಟ್ಟವರು ಒಬ್ಬರು, ಆ ವಿಧಾನದಿಂದ ಸತ್ಯವನ್ನು ಕಂಡವರು ಇನ್ನೊಬ್ಬರು. ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಅವರಿಬ್ಬರೂ ಒಂದೇ ವೇದಿಕೆಗೆ ಬಂದರು. ಗಾಲ್ಜಿಯವರು ತಮ್ಮ ಭಾಷಣದಲ್ಲಿ ನರಕೋಶ ಸಿದ್ಧಾಂತವನ್ನೇ ಖಂಡಿಸಿದರು. ಮರುದಿನ ಮಾತನಾಡಿದ ಕಹಾಲ್ ಅವರು ತಾವು ಕಂಡ ಪ್ರಮಾಣಗಳನ್ನು ಸಮಾಧಾನದಿಂದ ಸಭೆಯ ಮುಂದೆ ಇರಿಸಿದರು. ಪರಸ್ಪರ ವಿರುದ್ಧವಾದ ಎರಡು ಅಭಿಪ್ರಾಯಗಳು ಒಂದೇ ಗೌರವವನ್ನು ಹಂಚಿಕೊಂಡ ಅಪೂರ್ವ ಪ್ರಸಂಗವಿದು.

ಶಿಷ್ಯರು ಮತ್ತು ಕೊನೆಯ ದಿನಗಳು

1907ರಲ್ಲಿ ಸ್ಪೇನಿನ ತರುಣರನ್ನು ಉನ್ನತ ಅಭ್ಯಾಸಕ್ಕಾಗಿ ಪರದೇಶಗಳಿಗೆ ಕಳುಹಿಸುವ ಮಂಡಳಿ ರಚಿತವಾದಾಗ ಕಹಾಲ್ ಅವರು ಅದರ ಮೊದಲ ಅಧ್ಯಕ್ಷರಾದರು. ಟೆಲ್ಲೊ, ಡಿ ಕ್ಯಾಸ್ಟ್ರೊ, ಲೊರೆಂಟೆ ಡಿ ನೊ ಮೊದಲಾದ ಸಮರ್ಥ ಶಿಷ್ಯರು ಅವರ ಸುತ್ತ ಬೆಳೆದರು. ಆದರೆ ಎಲ್ಲವೂ ಸುಗಮವಾಗಿರಲಿಲ್ಲ. ಅವರ ಪ್ರಯೋಗಶಾಲೆಯಲ್ಲಿದ್ದ ಪಿಯೊ ಡೆಲ್ ರಿಯೊ ಒರ್ಟೆಗ ಎಂಬ ತರುಣರು ನರಕೋಶಗಳಲ್ಲದ, ಮಿದುಳನ್ನು ಕಾಯುವ ಒಂದು ಬಗೆಯ ಚಿಕ್ಕ ಕೋಶಗಳನ್ನು ಬೇರ್ಪಡಿಸಿ ತೋರಿಸಿದರು. ಗುರುಶಿಷ್ಯರಲ್ಲಿ ಭೇದ ತಲೆದೋರಿ 1920ರಲ್ಲಿ ಅವರು ಬೇರೆಯಾದರು. ಆ ಕೋಶಗಳ ವಿಷಯದಲ್ಲಿ ಶಿಷ್ಯನ ಮಾತೇ ನಿಜವಾಯಿತು. ಲೋಕದ ಅಭಿಪ್ರಾಯವನ್ನು ಎದುರಿಸಿ ಗೆದ್ದ ಗುರುವಿಗೂ ತನ್ನ ಮನೆಯಲ್ಲಿ ಹುಟ್ಟಿದ ಹೊಸ ಸತ್ಯವನ್ನು ಕೂಡಲೆ ಒಪ್ಪುವುದು ಸುಲಭವಾಗಲಿಲ್ಲ.

ತುಂಡಾದ ನರ ಮತ್ತೆ ಬೆಳೆಯುವುದೇ ಎಂಬ ಪ್ರಶ್ನೆಯನ್ನು ಕುರಿತು ಅವರು 1913 ಮತ್ತು 1914ರಲ್ಲಿ ಎರಡು ಸಂಪುಟಗಳನ್ನು ಪ್ರಕಟಿಸಿದರು. ಕೈಕಾಲುಗಳ ನರ ಕಡಿದರೆ ಮತ್ತೆ ಚಿಗುರುತ್ತದೆ. ಮಿದುಳು ಮತ್ತು ಮಿದುಳುಬಳ್ಳಿಗಳ ಎಳೆ ಕಡಿದರೆ ಸ್ವಲ್ಪ ಚಿಗುರಿ ನಿಂತುಬಿಡುತ್ತದೆ ಎಂದು ಅವರು ಕಂಡರು. ಈ ಕಠಿಣ ನಿಯಮವನ್ನು ಮಾರ್ಪಡಿಸುವ ಹೊಣೆಯನ್ನು ಅವರು ಮುಂದಿನವರಿಗೆ ಬಿಟ್ಟರು. ಆ ಹೊಣೆ ಇಂದಿಗೂ ವಿಜ್ಞಾನಿಗಳ ಮೇಲಿದೆ.

1922ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಅವರು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದರು, ಸಂಶೋಧನೆಯಿಂದ ನಿವೃತ್ತರಾಗಲಿಲ್ಲ. 1930ರಲ್ಲಿ ಪತ್ನಿ ತೀರಿಕೊಂಡರು. ಕಿವಿ ಮಂದವಾಗಿ ದೇಹ ಬಳಲಿದರೂ ಓದುಬರಹ ನಿಲ್ಲಲಿಲ್ಲ. 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ಕಹಾಲ್ ಅವರು ದಿವಂಗತರಾದರು. ಎರಡು ವರ್ಷಗಳೊಳಗೆ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅವರ ಶಿಷ್ಯವರ್ಗ ಚದುರಿಹೋಯಿತು. ಆದರೆ ಸಿದ್ಧಾಂತವು ಯಾವ ಒಂದು ದೇಶದ ಸೊತ್ತೂ ಆಗಿ ಉಳಿದಿರಲಿಲ್ಲ.

1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ನರಕೋಶಗಳ ನಡುವಣ ಎಡೆಯನ್ನು ಕಣ್ಣಿಗೆ ತೋರಿಸಿಕೊಟ್ಟಿತು. ಆ ಎಡೆಯ ಅಗಲ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅದು ಕಾಣುವುದು ಅಸಾಧ್ಯವಾಗಿತ್ತು. ಕಹಾಲ್ ಅವರು ಅದನ್ನು ತರ್ಕದಿಂದಲೂ ತಾಳ್ಮೆಯಿಂದಲೂ ಕಂಡಿದ್ದರು. ಕೆಲವೆಡೆ ನರಕೋಶಗಳು ಸಣ್ಣ ಕಾಲುವೆಗಳ ಮೂಲಕ ನೇರವಾಗಿ ಕೂಡಿಕೊಂಡಿರುವುದೂ ಅನಂತರ ತಿಳಿದುಬಂದಿತು. ಆದರೂ ಸಾಮಾನ್ಯ ನಿಯಮವಾಗಿ ನಿಂತಿರುವುದು ಅವರ ಸಿದ್ಧಾಂತವೇ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು 2009ರಲ್ಲಿ ಪ್ರಕಟವಾದ ಎಣಿಕೆ ತಿಳಿಸಿತು. ಕಲಿಕೆಯೂ ನೆನಪೂ ಈ ಕೋಶಗಳ ನಡುವಣ ಸಂಪರ್ಕಗಳು ಬಲಗೊಳ್ಳುವುದರಿಂದ ನೆಲೆಗೊಳ್ಳುತ್ತವೆ ಎಂಬ ಇಂದಿನ ತಿಳಿವಳಿಕೆಗೆ 1894ರ ಅವರ ವಿಚಾರವೇ ಮುನ್ನುಡಿ.

ಕಹಾಲ್ ಅವರು ತಮ್ಮನ್ನು ಎಂದೂ ಅಸಾಧಾರಣ ಬುದ್ಧಿಶಾಲಿಯೆಂದು ಎಣಿಸಲಿಲ್ಲ. ಬಿಡದೆ ನೋಡುವ ಕಣ್ಣು, ದಣಿಯದ ಕೈ, ಸೋಲೊಪ್ಪದ ಮನಸ್ಸು ಇವುಗಳಿಂದಲೇ ತಮ್ಮ ಕಾರ್ಯ ಸಾಧ್ಯವಾಯಿತೆಂದು ನಂಬಿದ್ದರು. ಅವರು ಬರೆದ ಚಿತ್ರಗಳು ಇಂದಿಗೂ ವೈದ್ಯಕೀಯ ಪಠ್ಯಗಳಲ್ಲಿ ಅಚ್ಚಾಗುತ್ತಿವೆ. ಒಂದು ಪಾಠವನ್ನು ಮನಸ್ಸಿಟ್ಟು ಕಲಿಯುವ ವಿದ್ಯಾರ್ಥಿಯ ತಲೆಯೊಳಗೆ, ಆ ಹೊತ್ತಿನಲ್ಲಿಯೇ, ಅವರು ಕಂಡ ಆ ಸೂಕ್ಷ್ಮವಾದ ಕವಲುಗಳ ನಡುವೆ ಹೊಸ ಬಾಂಧವ್ಯ ಕುದುರುತ್ತಿರುತ್ತದೆ. ಹುಟ್ಟಿನಿಂದ ಬಂದ ಮಿದುಳನ್ನು ಅಭ್ಯಾಸದಿಂದ ತಿದ್ದಿಕೊಳ್ಳುವ ಅಧಿಕಾರ ಪ್ರತಿಯೊಬ್ಬನಿಗೂ ಇದೆಯೆಂಬುದೇ ಕಹಾಲರ ಜೀವನವೂ ಸಂಶೋಧನೆಯೂ ಒಂದಾಗಿ ಸಾರುವ ತತ್ತ್ವ.